ಗಿಡಮರಗಳೂ ಕಾಗದಪತ್ರಗಳೂ

ನಮ್ಮ ನಾಡಿನಲ್ಲಿ ಒಗ್ಗರಣೆಗೆ ಕರಿಬೇವು ಬೀಳದ ಮನೆ ಅಪರೂಪ. ಹಿತ್ತಿಲ ಬಾವಿಯ ಬಳಿ ತಾನಾಗಿ ಬೆಳೆಯುವ ಈ ಗಿಡಕ್ಕಿಂತ ನಮ್ಮದೆನ್ನಬಹುದಾದ ಗಿಡ ಇನ್ನೊಂದಿಲ್ಲ. ಆದರೆ ಸಸ್ಯಶಾಸ್ತ್ರದ ಗ್ರಂಥವನ್ನು ತೆರೆದು ನೋಡಿದರೆ ಅದಕ್ಕೆ ‘ಮುರ್ರಾಯ ಕೋನಿಗೀ’ ಎಂಬ ಹೆಸರು ಕಾಣುತ್ತದೆ. ಮುರ್ರೆ ಎಂಬಾತನು ಜರ್ಮನಿಯ ಗಾಟಿಂಗೆನ್ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕನಾಗಿದ್ದವನು. ಕೋನಿಗ್ ಎಂಬಾತನು ಬಾಲ್ಟಿಕ್ ಸಮುದ್ರದ ಕಡೆಯ ಲಿವೋನಿಯ ಸೀಮೆಯಲ್ಲಿ ಹುಟ್ಟಿ, ತಮಿಳುನಾಡಿನ ಕರಾವಳಿಗೆ ವೈದ್ಯನಾಗಿ ಬಂದವನು. ಸ್ವೀಡನ್ ದೇಶದ ಉಪ್ಸಾಲ ನಗರದಲ್ಲಿದ್ದ ಲಿನೇಯಸನು ೧೭೭೧ರಲ್ಲಿ ಈ ಗಿಡಕ್ಕೆ ‘ಬೆರ್ಗೆರ ಕೋನಿಗೀ’ ಎಂದು ನಾಮಕರಣ ಮಾಡಿದನು. ೧೮೨೫ರಲ್ಲಿ ಸ್ಪ್ರೆಂಗೆಲ್ ಎಂಬ ಇನ್ನೊಬ್ಬ ಪಂಡಿತನು ಮೊದಲ ಮಾತನ್ನು ಬದಲಾಯಿಸಿ ಇದನ್ನು ಮುರ್ರಾಯ ಕುಲಕ್ಕೆ ಸೇರಿಸಿದನು. ಎರಡನೆಯ ಮಾತು ಮಾತ್ರ ಕದಲಲಿಲ್ಲ. ಇವರೆಲ್ಲರ ಪೈಕಿ ಕರಿಬೇವಿನ ಗಿಡವನ್ನು ಅದು ಹುಟ್ಟಿ ಬೆಳೆದ ನೆಲದಲ್ಲಿ ಕಂಡಿದ್ದವನು ಕೋನಿಗ್ ಒಬ್ಬನೇ. ಮಿಕ್ಕವರಿಗೆ ಅದು ತಿಳಿದುದು ಕಾಗದಪತ್ರಗಳ ಮೂಲಕ, ಒಣಗಿದ ಎಲೆಗಳ ಮೂಲಕ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ನಿಸರ್ಗಶಾಸ್ತ್ರಜ್ಞರ ನಡುವೆ ನಡೆದ ಈ ಪತ್ರವ್ಯವಹಾರದ ವಿಷಯವನ್ನೂ, ಅದಕ್ಕೂ ನಮ್ಮ ಬೆಳಗಾವಿ ಖಾನಾಪುರಗಳ ಕಾಡಿಗೂ ಇರುವ ಸಂಬಂಧವನ್ನೂ ಈ ಹೊತ್ತು ಸಂಗ್ರಹವಾಗಿ ನಿವೇದಿಸಬೇಕೆಂದಿದ್ದೇವೆ.

ಮೊದಲು, ಗಿಡದ ಶಾಸ್ತ್ರಕ್ಕೆ ಕಾಗದದ ಅಗತ್ಯವೇನು ಎಂಬುದನ್ನು ನೋಡೋಣ. ಲಿನೇಯಸನು ೧೭೫೩ರಲ್ಲಿ ಸುಮಾರು ಆರು ಸಾವಿರ ಸಸ್ಯಜಾತಿಗಳನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿ, ಒಂದೊಂದು ಜಾತಿಗೂ ಎರಡೆರಡು ಮಾತಿನ ಲ್ಯಾಟಿನ್ ಹೆಸರನ್ನಿಡುವ ಪದ್ಧತಿಯನ್ನು ಸ್ಥಿರಗೊಳಿಸಿದನು. ಈ ಪದ್ಧತಿ ನೋಡಲು ಸುಲಭ. ಆದರೆ ಅದರಲ್ಲಿ ಒಂದು ತೊಡಕು ಅಡಗಿದೆ. ಹೊಸದೆಂದು ತೋರುವ ಗಿಡವೊಂದು ಕೈಗೆ ಸಿಕ್ಕಿದಾಗ, ಅದು ನಿಜವಾಗಿ ಹೊಸದೆಂದು ಹೇಳಬೇಕಾದರೆ ಅದುವರೆಗೆ ಗೊತ್ತಿರುವ ಗಿಡಗಳೊಡನೆಲ್ಲ ಅದನ್ನು ಹೋಲಿಸಿ ನೋಡಿರಬೇಕು. ಅಷ್ಟು ಗಿಡಗಳನ್ನು ಒಬ್ಬನೇ ತಿರುಗಿ ನೋಡುವುದು ಒಂದು ಜನ್ಮದಲ್ಲಿ ಆಗುವ ಕೆಲಸವಲ್ಲ. ಆದುದರಿಂದ ಒಬ್ಬನು ನಡುವೆ ಕುಳಿತಿರಬೇಕು. ನೂರಾರು ಜನ ಸುತ್ತಣ ದೇಶಗಳಿಂದ ಅವನಿಗೆ ಕಳುಹಿಸುತ್ತಿರಬೇಕು. ಅವನು ನೋಡಿ, ಹೋಲಿಸಿ, ಮರಳಿ ಬರೆಯುತ್ತಿರಬೇಕು. ಲಿನೇಯಸನು ತನ್ನ ಶಿಷ್ಯರನ್ನು ಹೀಗೆಯೇ ದೇಶದೇಶಗಳಿಗೆ ಕಳುಹಿಸಿದನು. ಶಾಸ್ತ್ರವು ಗುರುವಿನ ತಲೆಯಲ್ಲಿಯೂ ಇರಲಿಲ್ಲ, ಶಿಷ್ಯನ ಕಣ್ಣಿನಲ್ಲಿಯೂ ಇರಲಿಲ್ಲ. ಇಬ್ಬರ ನಡುವೆ ಓಡಾಡುವ ಕಾಗದದಲ್ಲಿತ್ತು.

ಅಂಥ ಶಿಷ್ಯರಲ್ಲಿ ಯೋಹಾನ್ ಗೆರ್ಹಾರ್ಡ್ ಕೋನಿಗ್ ಒಬ್ಬನು. ಹುಟ್ಟಿದುದು ೧೭೨೮ರಲ್ಲಿ. ಉಪ್ಸಾಲದಲ್ಲಿ ಲಿನೇಯಸನ ಬಳಿ ಕಲಿತು, ಐಸ್ಲೆಂಡ್ ದ್ವೀಪದಲ್ಲಿ ಸಸ್ಯಗಳನ್ನು ಸಂಗ್ರಹಿಸಿ, ೧೭೬೮ರಲ್ಲಿ ಡೆನ್ಮಾರ್ಕಿನವರ ವಶದಲ್ಲಿದ್ದ ತರಂಗಂಬಾಡಿಗೆ ಕ್ರೈಸ್ತ ಮಿಷನ್ನಿನ ವೈದ್ಯನಾಗಿ ಬಂದನು. ಐಸ್ಲೆಂಡಿನಲ್ಲಿ ಅವನಿಗೆ ದೊರೆತ ಬೆರಳುದ್ದದ ಒಂದು ಸಸ್ಯಕ್ಕೆ ಗುರುವು ‘ಕೋನಿಗಿಯ’ ಎಂದೇ ಹೆಸರಿಟ್ಟಿದ್ದನು. ಹಿಮದ ನಾಡಿನ ಆ ಸಣ್ಣ ಸೊಪ್ಪಿಗೂ ನಮ್ಮ ಸಾರಿನ ಕರಿಬೇವಿಗೂ ಒಬ್ಬನೇ ಮನುಷ್ಯನ ಹೆಸರು ಅಂಟಿಕೊಂಡಿರುವುದು ಹೀಗೆ. ತರಂಗಂಬಾಡಿಯ ಪಾದ್ರಿಗಳಲ್ಲಿ ಯಾನ್, ರಾಟ್ಲರ್, ಕ್ಲೈನ್ ಮೊದಲಾದವರು ಸಸ್ಯಪ್ರಿಯರಾಗಿ ಮುಂದೆ ಒಂದು ಬಳಗವೇ ಆಯಿತು. ಅವರು ತಮ್ಮನ್ನು ‘ಕೂಡಿದ ಸಹೋದರರು’ ಎಂದು ಕರೆದುಕೊಂಡರು. ಯಾರಿಗೆ ದೊರೆತುದನ್ನಾದರೂ ಎಲ್ಲರೂ ಹಂಚಿಕೊಂಡು, ಯೂರೋಪಿನ ಪಂಡಿತರಿಗೆ ಕಳುಹಿಸಿಕೊಡುವುದು ಅವರ ಪದ್ಧತಿ. ಕೋನಿಗನು ಕೆಲಕಾಲ ಆರ್ಕಾಟಿನ ನವಾಬನ ಸೇವೆಯಲ್ಲಿದ್ದು, ೧೭೭೮ರಲ್ಲಿ ಮದ್ರಾಸಿನ ಇಂಗ್ಲಿಷ್ ಕಂಪನಿಯ ನಿಸರ್ಗಶಾಸ್ತ್ರಜ್ಞನಾಗಿ ನೇಮಕಗೊಂಡನು.

ಅಂದಿನ ಅಂಚೆಯ ಪರಿ ಹೇಗಿತ್ತೆಂಬುದನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಹಡಗು ಆಫ್ರಿಕಾ ಖಂಡವನ್ನು ಬಳಸಿಕೊಂಡು ಹೋಗಬೇಕು. ಮುಂಗಾರು ಹಿಂಗಾರುಗಳ ಗಾಳಿಯನ್ನು ಕಾದು ಹೊರಡಬೇಕು. ಒಂದು ದಿಕ್ಕಿಗೆ ಐದಾರು ತಿಂಗಳು ಹಿಡಿಯುತ್ತಿತ್ತು. ಹೂವು ಯಾವ ಕುಲದ್ದೆಂದು ಇಲ್ಲಿಂದ ಕೇಳಿದ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಆ ಗಿಡ ಇನ್ನೊಮ್ಮೆ ಹೂಬಿಟ್ಟು ಉದುರಿಸಿರುತ್ತಿತ್ತು. ಹಡಗು ಮುಳುಗೀತು, ಶತ್ರುಗಳ ಕೈಗೆ ಸಿಕ್ಕೀತು ಎಂಬ ಭಯದಿಂದ ಮುಖ್ಯವಾದ ಕಾಗದವನ್ನು ಎರಡು ಮೂರು ಪ್ರತಿ ಮಾಡಿ ಬೇರೆಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು. ಗಿಡವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಬೇಕು; ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಕಾಗದವನ್ನು ಮತ್ತೆಮತ್ತೆ ಬದಲಾಯಿಸಬೇಕು. ಬೀಜಗಳದು ಇನ್ನೂ ಕಷ್ಟ. ಅವು ಸಮುದ್ರದ ಮೇಲೆ ಸಾಯದಂತೆ ಜೇನುಮೇಣದಲ್ಲಿ ಮುಚ್ಚುವುದೇ ಮೊದಲಾದ ಉಪಾಯಗಳನ್ನು ತಿಳಿಸುವ ಪುಸ್ತಕವೊಂದನ್ನು ಜಾನ್ ಎಲ್ಲಿಸ್ ಎಂಬಾತನು ೧೭೭೦ರಲ್ಲಿ ಪ್ರಕಟಿಸಿದನು. ಇಷ್ಟೆಲ್ಲ ಆದ ಮೇಲೂ ಗೆದ್ದಲಿನ ಕಾಟವಿತ್ತು. ಕೋನಿಗನು ತಂಜಾವೂರು ಸೀಮೆಯ ಗೆದ್ದಲಿನ ಮೇಲೆಯೇ ಒಂದು ಪ್ರಬಂಧವನ್ನು ಬರೆದು ಕಳುಹಿಸಿದನು. ೧೭೭೯ರಲ್ಲಿ ಅದು ಬರ್ಲಿನ್ನಿನ ವಿದ್ವತ್ಪತ್ರಿಕೆಯಲ್ಲಿ ಅಚ್ಚಾಯಿತು. ಸಂಗ್ರಹವನ್ನು ತಿನ್ನಲು ಬರುವ ಹುಳುವನ್ನೂ ಸಂಗ್ರಹದೊಳಕ್ಕೆ ಸೇರಿಸಿದವನಿಗೆ ನಿಸರ್ಗಶಾಸ್ತ್ರಜ್ಞನೆಂಬ ಹೆಸರು ಸಲ್ಲುವುದರಲ್ಲಿ ಸಂದೇಹವೇನು?

ಈ ವ್ಯವಹಾರದಲ್ಲಿ ಹಣಕ್ಕಿಂತ ಹೆಸರೇ ನಾಣ್ಯವಾಗಿತ್ತು. ದೂರದಿಂದ ಗಿಡ ಕಳುಹಿಸಿದವನಿಗೆ ಪಂಡಿತನು ಕೊಡಬಹುದಾದ ದಕ್ಷಿಣೆಯೆಂದರೆ ಒಂದು ಸಸ್ಯಕ್ಕೆ ಅವನ ಹೆಸರನ್ನಿಡುವುದು. ಲಿನೇಯಸನು ೧೭೭೮ರಲ್ಲಿ ತೀರಿಕೊಂಡನು. ಅವನ ಮಗನು ತಂದೆಯ ಗ್ರಂಥಕ್ಕೆ ಅನುಬಂಧವನ್ನು ಬರೆದನು. ಅದರಲ್ಲಿ ಕೋನಿಗನು ಕಳುಹಿಸಿದ ಸಸ್ಯಗಳು ಹೇರಳವಾಗಿ ಸೇರಿದವು. ಮಗನೂ ೧೭೮೩ರಲ್ಲಿ ತೀರಿಕೊಳ್ಳಲು, ಲಿನೇಯಸನ ಸಂಗ್ರಹ ಮಾರಾಟಕ್ಕೆ ಬಂದಿತು. ೧೭೮೪ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಇಪ್ಪತ್ತನಾಲ್ಕು ವರ್ಷದ ಯುವಕನು ಸುಮಾರು ಸಾವಿರ ಗಿನಿಗಳಿಗೆ ಅದನ್ನು ಕೊಂಡು ಲಂಡನ್ನಿಗೆ ತರಿಸಿದನು. ಒಣಸಸ್ಯಗಳು ಹದಿನಾಲ್ಕು ಸಾವಿರದಷ್ಟಿದ್ದರೆ ಜೊತೆಯಲ್ಲಿ ಬಂದ ಕಾಗದಗಳು ಮೂರು ಸಾವಿರದಷ್ಟಿದ್ದವು. ಗಿಡದೊಡನೆ ಕಾಗದವನ್ನೂ ಬೆಲೆಕೊಟ್ಟು ಕೊಂಡುದು ವ್ಯರ್ಥವಲ್ಲ. ಕಾಗದವಿಲ್ಲದ ಒಣಗಿಡವು ಸಾಕ್ಷಿ ಹೇಳಲಾರದ ಮೂಕನಂತೆ. ಈ ಸಂಗ್ರಹವನ್ನು ಆಧಾರವಾಗಿಟ್ಟುಕೊಂಡು ೧೭೮೮ರಲ್ಲಿ ಲಂಡನ್ನಿನಲ್ಲಿ ಲಿನೇಯಸನ ಹೆಸರಿನ ಸಂಘವು ಸ್ಥಾಪಿತವಾಯಿತು.

ಕೋನಿಗನು ೧೭೮೫ರಲ್ಲಿ ಕಾಕಿನಾಡದ ಬಳಿಯ ಜಗನ್ನಾಥಪುರದಲ್ಲಿ ತೀರಿಕೊಂಡನು. ಕಡೆಗಾಲದಲ್ಲಿ ಅವನನ್ನು ನೋಡಿಕೊಂಡವನು ಸ್ನೇಹಿತನಾದ ವಿಲಿಯಂ ರಾಕ್ಸ್‌ಬರೋ, ಕಂಪನಿಯ ವೈದ್ಯ. ಕೋನಿಗನು ತನ್ನ ಬರಹಗಳೆಲ್ಲವನ್ನೂ ಲಂಡನ್ನಿನ ಸರ್ ಜೋಸೆಫ್ ಬ್ಯಾಂಕ್ಸನಿಗೆ ಬಿಟ್ಟುಹೋದನು. ಬ್ಯಾಂಕ್ಸನು ೧೭೭೮ರಿಂದ ೧೮೨೦ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದವನು. ಲಿನೇಯಸನ ತರುವಾಯ ಈ ಪತ್ರಜಾಲದ ನಡುವಣ ಗಂಟು ಅವನ ಮನೆಯೇ ಆಯಿತು. ಸೀತಾಳೆ ಮೊದಲಾದ ಸಸ್ಯಗಳ ಮೇಲೆ ಕೋನಿಗನು ಬರೆದಿಟ್ಟಿದ್ದ ವಿವರಣೆಗಳನ್ನು ಸ್ವೀಡನ್ನಿನ ರೆಟ್ಸಿಯಸ್ ಎಂಬ ಪಂಡಿತನು ತನ್ನ ಗ್ರಂಥದಲ್ಲಿ ಸೇರಿಸಿ ೧೭೯೧ರಲ್ಲಿ ಪ್ರಕಟಿಸಿದನು. ಬರೆದವನು ಸತ್ತು ಆರು ವರ್ಷವಾದರೂ ಬರಹವು ತನ್ನ ಪ್ರಯಾಣವನ್ನು ಮುಗಿಸಿತು.

ರಾಕ್ಸ್‌ಬರೋ ಸ್ನೇಹಿತನ ಕೆಲಸವನ್ನು ಮುಂದುವರಿಸಿದನು. ತೆಲುಗು ನಾಡಿನ ಸಾಮರ್ಲಕೋಟೆಯಲ್ಲಿದ್ದುಕೊಂಡು, ದೇಶೀಯ ಚಿತ್ರಕಾರರಿಂದ ಗಿಡಗಳ ವರ್ಣಚಿತ್ರಗಳನ್ನು ಬರೆಯಿಸಿ, ವಿವರಣೆಯೊಡನೆ ಕಂಪನಿಯ ನಿರ್ದೇಶಕರಿಗೆ ಕಳುಹಿಸತೊಡಗಿದನು. ೧೭೯೪ರ ಹೊತ್ತಿಗೆ ಹೋದ ಚಿತ್ರಗಳು ಐನೂರು. ಬ್ಯಾಂಕ್ಸನು ಅವುಗಳಲ್ಲಿ ಮುನ್ನೂರನ್ನು ಆರಿಸಿದನು. ೧೭೯೫ರಿಂದ ೧೮೨೦ರವರೆಗೆ ಅವು ‘ಕೋರಮಂಡಲ ತೀರದ ಸಸ್ಯಗಳು’ ಎಂಬ ಮೂರು ದೊಡ್ಡ ಸಂಪುಟಗಳಾಗಿ ಹೊರಬಂದವು. ಚಿತ್ರಗಳು ಅತಿ ಸುಂದರವಾದವು. ಅವುಗಳನ್ನು ಬರೆದ ಕೈಗಳು ಯಾರವೆಂಬುದು ಮಾತ್ರ ಆ ಸಂಪುಟಗಳಿಂದ ತಿಳಿಯುವುದಿಲ್ಲ. ಈ ಮಾತಿಗೆ ಮತ್ತೆ ಬರುತ್ತೇವೆ.

ಈ ಪಂಡಿತರ ನಡತೆಯಲ್ಲಿ ಒಂದು ಗುಣವನ್ನು ಮೆಚ್ಚಲೇಬೇಕು. ಅವರ ರಾಜರು ತಮ್ಮತಮ್ಮಲ್ಲಿ ಯುದ್ಧ ಮಾಡುತ್ತಿದ್ದಾಗಲೂ ಅವರು ಕಾಗದ ಬರೆಯುವುದನ್ನು ಬಿಡಲಿಲ್ಲ. ಲಬಿಲ್ಲಾರ್ದ್ಯೇರ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನು ದಕ್ಷಿಣ ಸಮುದ್ರದ ದ್ವೀಪಗಳಲ್ಲಿ ವರ್ಷಗಟ್ಟಲೆ ದುಡಿದು ಕೂಡಿಸಿದ ಗಿಡಗಳ ಪೆಟ್ಟಿಗೆಗಳು ಯುದ್ಧಕಾಲದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿದವು. ನ್ಯಾಯವಾಗಿ ಅವು ಗೆದ್ದವರ ಸೊತ್ತು. ಆದರೆ ಬ್ಯಾಂಕ್ಸನು ಪ್ರಯತ್ನಪಟ್ಟು ೧೭೯೬ರಲ್ಲಿ ಅವನ್ನು ಫ್ರಾನ್ಸಿಗೆ ಹಿಂದಿರುಗಿಸುವಂತೆ ಮಾಡಿದನು. ಇನ್ನೊಬ್ಬನು ಬಿಸಿಲಲ್ಲಿ ಬೆಂದು ಕಂಡುಕೊಂಡುದನ್ನು ತಾನು ನೆರಳಲ್ಲಿ ಕುಳಿತು ತನ್ನದೆನ್ನಬಾರದು ಎಂಬ ಧರ್ಮವು ಅವರಲ್ಲಿತ್ತು. ಆ ಧರ್ಮದ ಬೇಲಿ ಎಲ್ಲಿಯವರೆಗೆ ಹಬ್ಬಿತ್ತೆಂಬುದು ಬೇರೆಯ ಪ್ರಶ್ನೆ.

ಇನ್ನು ನಮ್ಮ ನಾಡಿಗೆ ಬರೋಣ. ೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಅದರ ಬೆನ್ನಿಗೇ ಮೈಸೂರು ಸೀಮೆಯ ಮೋಜಣಿಗೆ ಮೆಕೆಂಜಿಯನ್ನು ನೇಮಿಸಿದರು. ಅವನ ಜೊತೆಯಲ್ಲಿ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿ ಬಂದವನು ಬೆಂಜಮಿನ್ ಹೈನೆ. ಈತನೂ ತರಂಗಂಬಾಡಿಯ ಬಳಗದ ಕಡೆಯವನೇ. ಬೆಂಗಳೂರಿನ ಲಾಲ್‌ಬಾಗು ಕೆಲಕಾಲ ಇವನ ಆಡಳಿತದಲ್ಲಿತ್ತು. ಮರುವರ್ಷ, ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ, ೧೮೦೧ರಲ್ಲಿ ಸೋಂದೆ, ಶಿರಸಿ, ಬನವಾಸಿಗಳನ್ನು ಹಾದುಹೋದನು. ಬೆಳಗಾವಿ ಖಾನಾಪುರಗಳು ಆಗ ಮರಾಠರ ಆಡಳಿತಕ್ಕೆ ಸೇರಿದ್ದವು. ಬೆಳಗಾವಿಯ ಕೋಟೆ ಕಂಪನಿಯ ವಶವಾದುದು ೧೮೧೮ರಲ್ಲಿ. ಹೀಗಾಗಿ ನಾವು ಹೇಳುತ್ತಿರುವ ಕಾಲದ ಪತ್ರಜಾಲವು ಘಟ್ಟದ ಈ ಭಾಗವನ್ನು ಮುಟ್ಟದೆಯೇ ನಿಂತಿತು.

ಆದರೂ ಹೆಸರುಗಳು ಮುಟ್ಟಿವೆ. ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು ೨೬ ಕಿಲೋಮೀಟರು ಹೋದರೆ ಮಲಪ್ರಭೆಯ ದಡದ ಖಾನಾಪುರ. ಅಲ್ಲಿಂದ ಲೋಂಡಾದ ಕಡೆಗೆ ಮುಂದುವರಿದಂತೆ ಬಯಲು ಹಿಂದಾಗಿ ಕಾಡು ಮುಂದಾಗುತ್ತದೆ. ಈ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರಿದರೆ, ಇದೇ ತಾಲ್ಲೂಕಿನಲ್ಲಿ ಹುಟ್ಟಿದ ಮಹಾದಾಯಿ ಪಶ್ಚಿಮಕ್ಕೆ ಹರಿದು ಗೋವೆಯನ್ನು ಸೇರುತ್ತದೆ. ಈ ಎರಡು ನೀರುಗಳ ನಡುವಣ ಕಾಡಿನಲ್ಲಿ ನಿಂತಿರುವ ಮರಗಳನ್ನು ಒಂದೊಂದಾಗಿ ಕೇಳಿದರೆ, ಅವು ತಮ್ಮ ಶಾಸ್ತ್ರೀಯ ನಾಮದ ಜೊತೆಗೆ ಹಳೆಯ ಕಾಗದವೊಂದರ ವಿಳಾಸವನ್ನೂ ಹೇಳುತ್ತವೆ.

ನಮ್ಮ ಕಡೆ ಸಾಗವಾನಿಯೆಂದು ಕರೆಯುವ ತೇಗವನ್ನೇ ನೋಡಿ. ಅದಕ್ಕೆ ‘ಟೆಕ್ಟೋನ ಗ್ರಾಂಡಿಸ್’ ಎಂಬ ಹೆಸರು ದೊರೆತುದು ಲಿನೇಯಸನ ಮಗನ ಆ ಅನುಬಂಧ ಗ್ರಂಥದಲ್ಲಿ, ೧೭೮೨ರಲ್ಲಿ. ಟೆಕ್ಟೋನ ಎಂಬುದು ಮಲೆಯಾಳದ ‘ತೇಕ್ಕು’ ಎಂಬ ಮಾತನ್ನು ಲ್ಯಾಟಿನ್ ಅಚ್ಚಿನಲ್ಲಿ ಎರಕಹೊಯ್ದುದು. ಗ್ರೀಕ್ ಭಾಷೆಯಲ್ಲಿ ಬಡಗಿಗೆ ಹೇಳುವ ಮಾತನ್ನೂ ಅದು ಧ್ವನಿಸುತ್ತದೆ. ನಮ್ಮ ತೇಗ, ಅವರ ತೇಕ್ಕು ಒಂದೇ ಬೇರಿನವು. ಬೀಟೆಯ ಮರವನ್ನೂ ಹೊನ್ನೆಯನ್ನೂ ಶಾಸ್ತ್ರಲೋಕಕ್ಕೆ ಪರಿಚಯಿಸಿದುದು ರಾಕ್ಸ್‌ಬರೋವಿನ ಎರಡನೆಯ ಸಂಪುಟ. ಜಂಬೆಯನ್ನು ಪರಿಚಯಿಸಿದುದು ಮೊದಲನೆಯದು. ಇನ್ನು ಕಿಂದಳ, ಅಥವಾ ಹುಣಾಲು. ಖಾನಾಪುರದ ಕಾಡಿನಲ್ಲಿ ಕಿಂದಳವನ್ನು ಕಾಣದೆ ಒಂದು ಮೈಲಿ ನಡೆಯುವುದು ಕಷ್ಟ. ಮಳೆ ಮುಗಿಯುತ್ತಲೇ ತುದಿಗಳೆಲ್ಲ ಗೊಂಚಲುಗೊಂಚಲಾಗಿ ಹೂತು, ಆಮೇಲೆ ಕೆಂಗಂದು ಬಣ್ಣದ ರೆಕ್ಕೆಗಾಯಿಗಳಿಂದ ಮರವೇ ತುಕ್ಕುಹಿಡಿದಂತೆ ಕಾಣುತ್ತದೆ. ಇದಕ್ಕೆ ‘ಟರ್ಮಿನಾಲಿಯ ಪ್ಯಾನಿಕ್ಯುಲೇಟ’ ಎಂದು ಹೆಸರಿಟ್ಟವನು ಆಲ್ಬ್ರೆಖ್ಟ್ ರೋಟ್. ಜರ್ಮನಿಯ ಬ್ರೇಮೆನ್ ಬಳಿಯ ಫೇಗೆಸಾಕ್ ಎಂಬ ಸಣ್ಣ ಊರಿನ ವೈದ್ಯ. ಇಂಡಿಯಾ ದೇಶಕ್ಕೆ ಕಾಲಿಟ್ಟವನೇ ಅಲ್ಲ. ಹೈನೆ ಇಲ್ಲಿ ಕೂಡಿಸಿದ ಒಣಸಸ್ಯಗಳು ಅವನ ಕೈಸೇರಿದವು. ಅವುಗಳ ಆಧಾರದ ಮೇಲೆ ೧೮೨೧ರಲ್ಲಿ ಅವನು ಹೊಸ ಸಸ್ಯಗಳ ಗ್ರಂಥವೊಂದನ್ನು ಬರೆದನು. ಉತ್ತರ ಸಮುದ್ರದ ಚಳಿಯಲ್ಲಿ ರೋಗಿಗಳನ್ನು ನೋಡಿ ಮುಗಿಸಿದ ವೈದ್ಯನೊಬ್ಬನು ದೀಪದ ಬೆಳಕಿನಲ್ಲಿ ಒಣರೆಂಬೆಯನ್ನು ತಿರುಗಿಸಿ ನೋಡಿ ಬರೆದುದು ಇಂದು ನಮ್ಮ ಅರಣ್ಯ ಇಲಾಖೆಯ ದಾಖಲೆಯಲ್ಲಿ ಕಿಂದಳದ ಎದುರಿಗೆ ನಿಂತಿದೆ.

ಇದನ್ನು ಕೇಳಿ ಹೆಮ್ಮೆಪಡಬೇಕೋ ಖೇದಪಡಬೇಕೋ? ಎರಡಕ್ಕೂ ಕಾರಣವುಂಟು. ಗಡಿಗಳನ್ನೂ ಯುದ್ಧಗಳನ್ನೂ ದಾಟಿ ಕಟ್ಟಿದ ಜ್ಞಾನವೆಂಬುದು ಹೆಮ್ಮೆಯ ಸಂಗತಿ. ಆದರೆ ಆ ಕಾಗದಗಳಲ್ಲಿ ಎರಡು ದೊಡ್ಡ ಕೊರತೆಗಳುಳಿದವು. ಒಂದು, ಸ್ಥಳ. ಹೈನೆಯ ಒಣಸಸ್ಯಗಳಲ್ಲಿ ಹಲವು ಮುಂದೆ ವಾಲಿಕನ ಪ್ರಸಿದ್ಧ ಪಟ್ಟಿಯೊಳಕ್ಕೆ ಸೇರಿದವು. ಅಲ್ಲಿ ‘ಹೈನೆಯ ಸಂಗ್ರಹ’ ಎಂಬ ಮಾತಿದೆ, ಊರಿನ ಹೆಸರಿಲ್ಲ. ‘ಪೂರ್ವ ಇಂಡಿಯಾ’ ಎಂದರೆ ಆ ಪಂಡಿತರಿಗೆ ಸಾಕಾಗಿತ್ತು. ಯಾವ ಬೆಟ್ಟ, ಯಾವ ಹಳ್ಳ, ಯಾವ ತಿಂಗಳು ಎಂಬುದು ಕಳೆದುಹೋಗಿ, ಗ್ರಂಥದಲ್ಲಿ ಹೆಸರು ಮಾತ್ರ ಬದುಕಿತು. ಇನ್ನೊಂದು, ತೋರಿಸಿದವರು. ಪರದೇಶದಿಂದ ಬಂದ ವೈದ್ಯನಿಗೆ ಕಾಡಿನಲ್ಲಿ ದಾರಿ ತೋರಿಸಿದವನು, ಇದು ಜ್ವರಕ್ಕೆ, ಇದು ವಿಷ, ಇದರ ದಾರು ಗೆದ್ದಲಿಗೆ ಜಗ್ಗುವುದಿಲ್ಲ ಎಂದು ಹೇಳಿಕೊಟ್ಟವನು, ಮರಹತ್ತಿ ಹೂ ಕೊಯ್ದುಕೊಟ್ಟವನು, ಚಿತ್ರ ಬರೆದವನು, ಇವರಾರೂ ಕಾಗದ ಬರೆಯಲಿಲ್ಲ. ಕಾಗದ ಬರೆದವರು ಇವರನ್ನು ಹೆಸರಿಸಲಿಲ್ಲ. ಬುಕಾನನನ ಪ್ರವಾಸಗ್ರಂಥದಲ್ಲಿ ಕಾಡುಮರಗಳ ಕನ್ನಡ ಹೆಸರುಗಳ ಪಟ್ಟಿಗಳಿವೆ. ಅಷ್ಟರಮಟ್ಟಿಗೆ ಅವನಿಗೆ ನಾವು ಕೃತಜ್ಞರು. ಹೆಸರು ಹೇಳಿದ ಬಾಯಿಗಳು ಅಲ್ಲಿಯೂ ಅಜ್ಞಾತವೇ.

ಅಂದಿನ ಕಾಲವೇ ಹಾಗಿತ್ತು ಎಂದು ಸಮಾಧಾನ ಹೇಳಬಹುದು. ಆದರೆ ಅದಕ್ಕೆ ನೂರು ವರ್ಷ ಹಿಂದೆಯೇ ಬೇರೊಂದು ನಡತೆಯ ಉದಾಹರಣೆಯಿತ್ತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥದಲ್ಲಿ, ತನಗೆ ಗಿಡಗಳನ್ನು ತಿಳಿಸಿಕೊಟ್ಟ ಮಲೆಯಾಳದ ವೈದ್ಯ ಇಟ್ಟಿ ಅಚ್ಯುತನ ಹೇಳಿಕೆಯನ್ನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರ ಹೇಳಿಕೆಯನ್ನೂ ಅವರವರ ಲಿಪಿಯಲ್ಲಿಯೇ ಅಚ್ಚುಮಾಡಿಸಿದನು. ಲಿನೇಯಸನ ಮೇಜಿನ ಮೇಲೆ ಆ ಗ್ರಂಥವಿತ್ತು. ತೇಗದ ಹೆಸರಿನ ಹಿಂದೆಯೂ ಅದೇ ಇದೆ. ಕೊಂಕಣಿ ವೈದ್ಯರ ಹೆಸರುಗಳು ಮುನ್ನೂರೈವತ್ತು ವರ್ಷಗಳ ಸಮೀಪಕ್ಕೆ ಬಂದರೂ ಅಳಿಯಲಿಲ್ಲ; ರಾಕ್ಸ್‌ಬರೋವಿನ ಚಿತ್ರಕಾರರು ಸಂಪುಟಗಳ ಹೊರಗೇ ಉಳಿದರು. ಎರಡಕ್ಕೂ ಇರುವ ವ್ಯತ್ಯಾಸವು ಒಂದು ಪುಟದ ಬರವಣಿಗೆ ಮಾತ್ರ.

ಮೊದಲನೆಯ ಕೊರತೆ, ಎಂದರೆ ಸ್ಥಳ ಕಾಲಗಳ ಕೊರತೆ, ಮುಂದಿನ ಶತಮಾನದಲ್ಲಿ ತಕ್ಕಮಟ್ಟಿಗೆ ತುಂಬಿತು. ಅದಕ್ಕೆ ಬೆಳಗಾವಿಯೇ ಸಾಕ್ಷಿ. ಇಲ್ಲಿಯ ದಂಡಿನಲ್ಲಿದ್ದ ಕ್ಯಾಪ್ಟನ್ ಬಟ್ಲರ್ ಎಂಬಾತನು ಹಕ್ಕಿಗಳ ಗೂಡುಮೊಟ್ಟೆಗಳನ್ನು ನೋಡಿ, ಸಿಮ್ಲಾದ ಅಲನ್ ಆಕ್ಟೇವಿಯನ್ ಹ್ಯೂಮನಿಗೆ ಬರೆದು ತಿಳಿಸುತ್ತಿದ್ದನು. ಹ್ಯೂಮನ ಗೂಡುಮೊಟ್ಟೆಗಳ ಗ್ರಂಥದಲ್ಲಿ ‘ಬೆಳಗಾವಿ, ೧೮೭೯’ ಎಂದು ದಿನಾಂಕಸಹಿತವಾದ ಅವನ ಟಿಪ್ಪಣಿಗಳು ಇಂದಿಗೂ ಓದಸಿಗುತ್ತವೆ. ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಮೇಲೆ ಅವನು ಬರೆದ ಪಟ್ಟಿ ಹ್ಯೂಮನ ಪತ್ರಿಕೆಯಲ್ಲಿ ೧೮೮೧ರಲ್ಲಿ ಪ್ರಕಟವಾಯಿತು. ಈ ಹ್ಯೂಮನ ಪಾಲಿಗೂ ಕಾಗದದಿಂದಲೇ ಒಂದು ವಿಪತ್ತು ಒದಗಿತು. ಅವನು ವರ್ಷಗಟ್ಟಲೆ ಬರೆದಿಟ್ಟಿದ್ದ ಹಸ್ತಪ್ರತಿಗಳನ್ನು ಮನೆಯ ಆಳೊಬ್ಬನು ರದ್ದಿಯೆಂದು ಸಿಮ್ಲಾದ ಪೇಟೆಯಲ್ಲಿ ಮಾರಿಬಿಟ್ಟನು. ಮನಸ್ಸು ಮುರಿದ ಹ್ಯೂಮನು ತನ್ನ ಅಪಾರವಾದ ಪಕ್ಷಿಸಂಗ್ರಹವನ್ನು ೧೮೮೫ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದನು. ಅದೇ ವರ್ಷ ಡಿಸೆಂಬರಿನಲ್ಲಿ ಅವನು ಮುಂದಾಗಿ ನಿಂತು ಕೂಡಿಸಿದ ಸಭೆಯೇ ಕಾಂಗ್ರೆಸ್ಸು. ಆ ಕಾಂಗ್ರೆಸ್ಸು ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಸೇರಿತೆಂಬುದನ್ನು ಶ್ರೋತೃಗಳು ಬಲ್ಲರು. ಹಕ್ಕಿಗಳ ಸಲುವಾಗಿ ಊರೂರಿನ ಜನರೊಡನೆ ಕಾಗದ ನಡೆಸಿ ಪಳಗಿದ ಕೈಗೆ ದೇಶದ ಸಲುವಾಗಿ ಕಾಗದ ನಡೆಸುವುದು ಹೊಸತಾಗಿರಲಿಕ್ಕಿಲ್ಲ.

ಸ್ಥಳವನ್ನು ಬರೆದಿಡುವುದರ ಬೆಲೆಯೇನೆಂಬುದಕ್ಕೆ ಖಾನಾಪುರದ ಕಾಡಿನಲ್ಲಿ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ಮುಂಬಯಿಯ ನಿಸರ್ಗ ಇತಿಹಾಸ ಸಂಘವು ೧೯೧೧ರಲ್ಲಿ ದೇಶದ ಸಸ್ತನಿಗಳ ಮೋಜಣಿಯನ್ನು ಆರಂಭಿಸಿತು. ಆ ಸಂಘದ ಪ್ರೇಟರ್ ಎಂಬಾತನು ತಳೇವಾಡಿಯ ಸಮೀಪದ ಬಾರಾಪೇಡೆ ಗುಹೆಯಲ್ಲಿ ದೊಡ್ಡ ಕಿವಿಗಳ ಒಂದು ಬಾವಲಿಯನ್ನು ಕಂಡು ಸಂಗ್ರಹಿಸಿದನು. ಅದು ಲಂಡನ್ನಿಗೆ ಹೋಗಿ, ಬ್ರಿಟಿಷ್ ಮ್ಯೂಸಿಯಮ್ಮಿನ ಓಲ್ಡ್‌ಫೀಲ್ಡ್ ಥಾಮಸನು ೧೯೧೩ರಲ್ಲಿ ಅದನ್ನು ಹೊಸ ಜಾತಿಯೆಂದು ವಿವರಿಸಿದನು. ಹೆಸರನ್ನು ಮಾತ್ರ ರಾಟನ್ ಎಂಬಾತನಿಗೆ ಅರ್ಪಿಸಿದನು. ರಾಟನ್ ಮುಂಬಯಿ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದವನು. ಇಲ್ಲಿದ್ದಾಗ ಇರುವೆಗಳನ್ನು ಕೂಡಿಸಿ ಸ್ವಿಟ್ಜರ್ಲೆಂಡಿನ ಫೋರೆಲ್ ಪಂಡಿತನಿಗೆ ಕಳುಹಿಸುತ್ತಿದ್ದವನು. ನಿವೃತ್ತನಾದ ಮೇಲೆ ಲಂಡನ್ನಿನಲ್ಲಿದ್ದುಕೊಂಡು ಮೋಜಣಿಯ ವರದಿಗಳನ್ನು ಸಿದ್ಧಪಡಿಸುತ್ತಿದ್ದವನು. ಕೋನಿಗನ ಕಾಲದ ಸಂಪ್ರದಾಯವೇ ಇಲ್ಲಿಯೂ ನಡೆಯಿತು: ಕಂಡವನೊಬ್ಬ, ಹೆಸರಿಟ್ಟವನೊಬ್ಬ, ಹೆಸರು ಪಡೆದವನು ಮತ್ತೊಬ್ಬ. ಆದರೆ ಈ ಸಲ ಗುಹೆಯ ಹೆಸರನ್ನು ಬರೆದಿಟ್ಟಿದ್ದರು. ಬಹುಕಾಲದವರೆಗೆ ಆ ಬಾವಲಿ ಜಗತ್ತಿನಲ್ಲಿ ಬೇರೆಲ್ಲಿಯೂ ಗೊತ್ತಿರಲಿಲ್ಲ. ಆಮೇಲೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಕಂಡುಬಂದಿದೆ. ಬಾರಾಪೇಡೆಯನ್ನು ಒಳಗೊಂಡ ಕಾಡನ್ನು ೨೦೧೧ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಸರ್ಕಾರವು ಘೋಷಿಸಿತು. ಕಾಡನ್ನು ಕಾಯಬೇಕೆಂದು ವಾದಿಸುವವರಿಗೆ ಈ ಗುಹೆಯ ಹೆಸರು ಒಂದು ಊರುಗೋಲಾಯಿತು. ‘ಪೂರ್ವ ಇಂಡಿಯಾ’ ಎಂದಷ್ಟೇ ಬರೆದಿಟ್ಟಿದ್ದರೆ ಯಾವ ಗುಹೆಯನ್ನು ಕಾಯಬೇಕೆಂದು ಯಾರಿಗೆ ತಿಳಿಯುತ್ತಿತ್ತು?

ಅದೇ ೨೦೧೧ರಲ್ಲಿ ಇದೇ ತಾಲ್ಲೂಕಿನ ಚೋರ್ಲಾ ಗ್ರಾಮದಿಂದ ಇನ್ನೊಂದು ಪ್ರಾಣಿಯ ವರ್ಣನೆ ಪ್ರಕಟವಾಯಿತು. ಅದು ಕಾಲಿಲ್ಲದ ಒಂದು ಉಭಯಚರ; ಕಪ್ಪೆಯ ದಾಯಾದಿಯಾದರೂ ನೋಡಿದವರು ಹಾವೋ ಎರೆಹುಳುವೋ ಎಂದು ಭ್ರಮಿಸುವಂಥದು; ಮೈಯುದ್ದಕ್ಕೂ ಹಳದಿಯ ಪಟ್ಟೆ. ಅದನ್ನು ವಿವರಿಸಿದವರು ನಮ್ಮ ದೇಶದ ವಿಜ್ಞಾನಿಗಳು. ಅಚ್ಚಾದುದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಅವರು ಅದಕ್ಕೆ ‘ಇಕ್ತಿಯೋಫಿಸ್ ಡೇವಿಡೀ’ ಎಂದು ಹೆಸರಿಟ್ಟು, ಇಂಥ ಪ್ರಾಣಿಗಳ ಅಧ್ಯಯನದಲ್ಲಿ ಹೆಸರಾದ ಲಂಡನ್ನಿನ ಡೇವಿಡ್ ಗೋವರ್ ಅವರಿಗೆ ಗೌರವ ಸಲ್ಲಿಸಿದರು. ಇನ್ನೂರೈವತ್ತು ವರ್ಷಗಳ ಹಿಂದೆ ಉಪ್ಸಾಲದ ಗುರುವು ತರಂಗಂಬಾಡಿಯ ಶಿಷ್ಯನಿಗೆ ಕೊಟ್ಟ ದಕ್ಷಿಣೆಯನ್ನು ಈಗ ಖಾನಾಪುರದ ಮಣ್ಣಿನಿಂದ ನಮ್ಮವರು ಲಂಡನ್ನಿಗೆ ಕೊಟ್ಟಂತಾಯಿತು. ಋಣದ ಲೆಕ್ಕ ಸಮವಾಗುತ್ತ ಬಂದಿದೆ ಎನ್ನಬಹುದು.

ಆದರೆ ಎರಡನೆಯ ಕೊರತೆ ಇನ್ನೂ ಹಾಗೆಯೇ ಇದೆ. ಖಾನಾಪುರದ ಕಾಡಂಚಿನ ಗೌಳಿಗರೂ ಕುಣಬಿಗಳೂ ಮರಗಳನ್ನು ತಮ್ಮತಮ್ಮ ಮಾತಿನಲ್ಲಿ ಕರೆಯುತ್ತಾರೆ. ಕನ್ನಡ, ಮರಾಠಿ, ಕೊಂಕಣಿ ಮೂರೂ ಅಲ್ಲಿ ಒಂದೇ ಸಂತೆಯಲ್ಲಿ ಕಲೆಯುತ್ತವೆ. ಯಾವ ತೊಗಟೆ ಯಾವ ಕಾಲಕ್ಕೆ, ಯಾವ ಹೂವು ಅರಳಿದರೆ ಮಳೆ ಹತ್ತಿರ, ಯಾವ ಸೊಪ್ಪನ್ನು ದನ ಮುಟ್ಟುವುದಿಲ್ಲ, ಇವೆಲ್ಲ ಅವರ ಬಾಯಲ್ಲಿವೆ. ಕಾಡಿನ ಹಳ್ಳಿಗಳಿಂದ ಮಕ್ಕಳು ಓದಿಗೂ ಉದ್ಯೋಗಕ್ಕೂ ಬೆಳಗಾವಿಗೆ ಬರುತ್ತಿದ್ದಾರೆ, ಬರಬೇಕಾದುದೇ. ಆದರೆ ಅಜ್ಜನೊಡನೆ ದಿನವೂ ಕಾಡು ತಿರುಗದ ಮೊಮ್ಮಗನಿಗೆ ಮರದ ಹೆಸರು ಬಾರದು. ಮರವನ್ನು ಕಡಿದರೆ ಬುಡವಾದರೂ ಉಳಿದು ಚಿಗುರೀತು. ಹೆಸರು ಹೋದರೆ ಗುರುತೂ ಉಳಿಯುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಕಿಂದಳಕ್ಕೆ ರೋಟನು ಇಟ್ಟ ಹೆಸರನ್ನು ತಪ್ಪಿಲ್ಲದೆ ಬರೆಯುತ್ತಾರೆ. ಅವರ ಸ್ವಂತ ಊರಿನಲ್ಲಿ ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿದರೆ ಅನೇಕರು ಸುಮ್ಮನಾಗುತ್ತಾರೆ.

ಇದಕ್ಕೆ ಬೇಕಾದ ಸಾಮಗ್ರಿ ಬಹು ಸ್ವಲ್ಪ. ಕೋನಿಗನಿಗೆ ಹಡಗು ಬೇಕಾಗಿತ್ತು, ಮೇಣ ಬೇಕಾಗಿತ್ತು, ವರ್ಷದ ತಾಳ್ಮೆ ಬೇಕಾಗಿತ್ತು. ನಮಗೆ ಒಂದು ನೋಟುಪುಸ್ತಕ ಸಾಕು. ಗಿಡದ ಊರಿನ ಹೆಸರು, ಕಂಡ ಸ್ಥಳ, ಕಂಡ ದಿನ, ಇವು ಮೂರು. ನಾಲ್ಕನೆಯದಾಗಿ, ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರು. ಮೊದಲ ಮೂರನ್ನು ಬಟ್ಲರನು ಬೆಳಗಾವಿಯಲ್ಲಿದ್ದು ಮಾಡಿ ತೋರಿಸಿದನು. ನಾಲ್ಕನೆಯದನ್ನು ವಾನ್ ರೀಡನು ಅವನಿಗಿಂತ ಇನ್ನೂರು ವರ್ಷ ಮೊದಲೇ ಕೊಚ್ಚಿಯಲ್ಲಿದ್ದು ಮಾಡಿ ತೋರಿಸಿದನು. ಖಾನಾಪುರದ ಒಂದೊಂದು ಶಾಲೆಯೂ ತನ್ನ ಸುತ್ತಣ ಮರಗಳ ವಿಷಯವನ್ನು ಹೀಗೆ ಬರೆದು, ನೆರೆಯ ಶಾಲೆಗೆ ಕಾಗದ ಹಾಕಿ, ಅಲ್ಲಿಯ ಹೆಸರುಗಳನ್ನು ತರಿಸಿ ಹೋಲಿಸಿ ನೋಡಿದರೆ, ಲಿನೇಯಸನ ಶಾಸ್ತ್ರವು ಹೇಗೆ ಬೆಳೆಯಿತೆಂಬುದು ಮಕ್ಕಳಿಗೆ ಪಾಠವಿಲ್ಲದೆಯೇ ತಿಳಿಯುತ್ತದೆ. ಅಷ್ಟೇ ಅಲ್ಲ, ಮುಂದೆ ಯಾವನೋ ಪಂಡಿತನು ಎಲ್ಲಿಯೋ ಕುಳಿತು ಕಿಂದಳದ ವಿಷಯವನ್ನು ಬರೆಯುವಾಗ, ಮರವನ್ನು ಮೊದಲು ಬಲ್ಲವರು ಯಾರೆಂಬುದೂ ಅವನ ಕಾಗದದೊಳಕ್ಕೆ ಸೇರುತ್ತದೆ.